ಸೊನ್ನೆಯ ತುದಿ

ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿ. ಅಲ್ಲಿ ಬೆಳಕು ಮೇಲಿಂದ ಕೆಳಗಿನವರೆಗೆ ಒಂದೇ ಗೆರೆಯಾಗಿ ನಿಂತಿತ್ತು. ಬುದ್ಧಿ ತಿಳಿದಾಗಿನಿಂದ ಇದೇ ಕೋಣೆಯಲ್ಲಿ ಮಲಗಿ ಎದ್ದವನಿಗೆ ಹೀಗೊಂದು ಸಂದಿ ಇದೆಯೆಂದೇ ಗೊತ್ತಿರಲಿಲ್ಲ. ಎದ್ದು ಹೋಗಿ ಬೆರಳು ತೂರಿಸಿದ. ತೋರುಬೆರಳು ಸಲೀಸಾಗಿ ಒಳಗೆ ಹೋಯಿತು. ಎರಡು ಸೆಂಟಿಮೀಟರಿಗೆ ಒಂದಿಷ್ಟು ಕಡಿಮೆ. ಹತ್ತೊಂಬತ್ತು ದಿನದಿಂದ ಅವನ ಬೆರಳಿಗೆ ಇದೇ ಚಟ, ಸಂದಿ ಕಂಡಲ್ಲಿ ತೂರುವುದು. ಬಸ್ಸಿನ ಸೀಟಿಗೂ ಕಿಟಕಿಗೂ ನಡುವೆ, ಬಚ್ಚಲಿನ ಎರಡು ಕಲ್ಲುಗಳ ನಡುವೆ, ಪಾತ್ರೆಯ ಬಾಯಿಗೂ ಅದರ ಮುಚ್ಚಳಕ್ಕೂ ನಡುವೆ. ಅಮ್ಮ ಒಲೆಯ ಮುಂದಿನಿಂದ ತಿರುಗಿ, ಬಾಗಿಲಲ್ಲಿ ಏನು ಹುಡುಕುತ್ತಿದ್ದೀಯ ಎಂದು ಕೇಳಿದಳು. ಏನಿಲ್ಲ ಅಂದ. ಗೆದ್ದಲು ಹತ್ತಿದೆಯಾ ಅಂದಳು. ಹತ್ತಿದ್ದರೆ ನಿನಗೆ ಹೇಳದೆ ಇರುತ್ತೇನಾ ಎಂದು ಗದರಿದ. ಗದರಿದ ಮೇಲೆ, ಅವಳು ಮಾತಾಡದೆ ತಟ್ಟೆಯನ್ನು ಅವನ ಕಡೆ ತಳ್ಳಿದ್ದನ್ನು ಕಂಡು ಇನ್ನಷ್ಟು ರೇಗಿತು. ಬೈಯಬಾರದೆ ಇವಳು. ಒಂದು ಸಲ, ಒಂದೇ ಒಂದು ಸಲ, ನೀನು ಏನು ಮಾಡಿದ್ದೀಯ ಅಂತ ನನಗೆ ಗೊತ್ತು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬಾರದೆ. ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ತೊಂಬತ್ತಾರು ಇದ್ದದ್ದನ್ನು ಅವನು ನೂರು ಎಂದು ಕೂಗಿದ್ದ, ಕನ್ನಡಿಯಣ್ಣ ಸತ್ತಿದ್ದ. ಇವೆರಡರ ನಡುವೆ ನಾಲ್ಕು ಸೆಂಟಿಮೀಟರು ಇತ್ತು ಎಂಬುದು ಈ ಊರಿನಲ್ಲಿ ಅವನೊಬ್ಬನಿಗೆ ಗೊತ್ತು.

ಕಬ್ಬಿಣದ ವರ್ಕ್‌ಶಾಪಿನಲ್ಲಿ ಕೂಗುವುದು ಅವನ ಕೆಲಸ. ಬೆಸುಗೆಯ ಕಿಡಿ ನೋಡಿ ನೋಡಿ ಮೇಸ್ತ್ರಿಯ ಕಣ್ಣು ಮಬ್ಬಾಗಿ ಆರೇಳು ವರ್ಷವಾಗಿತ್ತು. ಎದುರಿಗೆ ಬಂದವರನ್ನು ನಡಿಗೆಯಿಂದ, ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದ. ಕಬ್ಬಿಣವನ್ನು ಹೆಬ್ಬೆರಳಿನಿಂದ ಸವರಿ ಗುರುತು ಹಿಡಿಯುತ್ತಿದ್ದ. ಟೇಪಿನ ಮೇಲಿನ ಅಂಕಿಗಳನ್ನು ಮಾತ್ರ ಹೆಬ್ಬೆರಳು ಓದುವುದಿಲ್ಲ. ಅದಕ್ಕೇ ವರ್ಕ್‌ಶಾಪಿನಲ್ಲಿ ಒಂದು ಕ್ರಮ ತಾನಾಗಿ ಬೆಳೆದಿತ್ತು. ಸೊನ್ನೆಯ ತುದಿಯನ್ನು ಮೇಸ್ತ್ರಿ ಹಿಡಿಯಬೇಕು, ಇನ್ನೊಂದು ತುದಿಯನ್ನು ಇವನು ಹಿಡಿಯಬೇಕು. ಮೇಸ್ತ್ರಿ "ಎಷ್ಟು?" ಅನ್ನಬೇಕು, ಇವನು ಕೂಗಬೇಕು. ಕೂಗಿದ್ದು ಅಳತೆ. ಗಿರಾಕಿಗಳಿಗೆ ಇದೊಂದು ಗತ್ತಿನ ಹಾಗೆ ಕಾಣುತ್ತಿತ್ತು, ದೊಡ್ಡ ಮೇಸ್ತ್ರಿ ಅಂಕಿ ನೋಡುವುದಿಲ್ಲ, ನೋಡುವುದಕ್ಕೆ ಆಳು ಇಟ್ಟಿದ್ದಾನೆ ಎಂದು. ಕಣ್ಣಿನ ವಿಷಯ ವರ್ಕ್‌ಶಾಪಿನ ಮೂವರಿಗೂ ಗೊತ್ತು, ಮೂವರೂ ಅದರ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ. ಮೂರನೆಯವನು ಕನ್ನಡಿಯಣ್ಣ. ಪಾಲಿಶ್ ಚಕ್ರದ ಹಿಂದೆ ಕೂತು ಕಬ್ಬಿಣ, ಹಿತ್ತಾಳೆ ಏನು ಕೊಟ್ಟರೂ ತನ್ನ ಹಲ್ಲು ಅದರಲ್ಲಿ ಕಾಣುವ ತನಕ ಉಜ್ಜುತ್ತಿದ್ದವನು. ಹಲ್ಲು ಕಂಡಿತೆಂದರೆ ಕೆಲಸ ಮುಗಿಯಿತು. "ಬಾ ತಮ್ಮಾ, ಎಷ್ಟು ಹಲ್ಲಿದೆ ಎಣಿಸು," ಅನ್ನುತ್ತಿದ್ದ. ಇವನನ್ನು ತಮ್ಮಾ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಮೇಸ್ತ್ರಿಗೆ ಇವನು ಲೋ, ಏಯ್, ಕೋಪ ಬಂದರೆ ಲೆಕ್ಕದ ಮೇಷ್ಟ್ರು.

ಬಸ್ಸು ಇಳಿದು ಓಣಿಗೆ ತಿರುಗಿದ. ಟಯರ್ ಅಂಗಡಿ, ಕೊಡೆ ರಿಪೇರಿಯವನು, ಮುಚ್ಚಿದ ಶಟರು, ಮತ್ತೆ ಟಯರ್ ಅಂಗಡಿ. ಹಿಂದೆಲ್ಲ ಇಲ್ಲಿಗೆ ಬರುವಾಗಲೇ ಪಾಲಿಶ್ ಚಕ್ರದ ಗುಂಯ್ ಸದ್ದು ಕೇಳುತ್ತಿತ್ತು, ಅದು ಕೇಳಿದರೆ ತಡವಾಗಿದೆ ಎಂದು ಅರ್ಥ. ಈಗ ಆ ಚಕ್ರದ ಮೇಲೆ ಗೋಣಿ ಹೊದಿಸಿದೆ, ಸ್ವಿಚ್ಚಿನ ತಂತಿಯನ್ನು ಮೇಸ್ತ್ರಿಯೇ ಕಿತ್ತು ಹಾಕಿದ್ದಾನೆ. ಆದರೂ ಕೊಡೆ ರಿಪೇರಿಯವನ ಹತ್ತಿರ ಬಂದ ಕೂಡಲೇ ಇವನ ಕಿವಿಗೆ ಗುಂಯ್ ಅನ್ನುತ್ತದೆ. ತಡವಾಯಿತು ಎಂದು ಕಾಲು ತಾನಾಗಿ ಚುರುಕಾಗುತ್ತದೆ. ಎರಡು ಹೆಜ್ಜೆ ಹಾಕಿದ ಮೇಲೆ ನೆನಪಾಗುತ್ತದೆ. ದಿನಾ ಇದೇ ಜಾಗದಲ್ಲಿ, ದಿನಾ ಎರಡೇ ಹೆಜ್ಜೆ. ಕೊಡೆಯವನು ತಲೆಯೆತ್ತಿ ನೋಡುತ್ತಾನೆ. ಅವನ ಕಣ್ಣಿನಲ್ಲೂ ಮರುಕ. ಇವರ ಮರುಕಕ್ಕೆ ಬೆಂಕಿ ಹಾಕ.

ಅವನು ನೂರು ಎಂದು ಕೂಗಿದ ಆ ಕಬ್ಬಿಣದ ಮುಚ್ಚಳ ಮಾಡಿಸಿದ್ದು ಒಬ್ಬ ವಕೀಲ. ಹಳೆಯ ಕಟ್ಟಡವೊಂದನ್ನು ಕೊಂಡು ಆಫೀಸು ಮಾಡುತ್ತಿದ್ದ. ಅದರ ಅಂಗಳದ ನೆಲದಡಿಯಲ್ಲಿ ಎರಡಾಳು ಆಳದ ನೀರಿನ ತೊಟ್ಟಿ, ಖಾಲಿ ಮಾಡಿ ತೊಳೆಸಿ ಒಣಗಿಸಿದ್ದು. ತೊಟ್ಟಿಯ ಬಾಯಿಗೆ ಗಾರೆಯವನು ಆಗಲೇ ಕಬ್ಬಿಣದ ಚೌಕಟ್ಟು ಕೂರಿಸಿದ್ದ; ಒಂದು ಮೀಟರ್ ಚಚ್ಚೌಕ, ಒಳಗಡೆ ಸುತ್ತಲೂ ಮೂರು ಸೆಂಟಿಮೀಟರ್ ಅಗಲದ ಅಂಚು, ಮುಚ್ಚಳ ಆ ಅಂಚಿನ ಮೇಲೆ ಕೂರಬೇಕು. ವಕೀಲನ ಹತ್ತಿರ ಹಳೆಯ ಬಾಗಿಲಿನದೊಂದು ಹಿತ್ತಾಳೆ ತಗಡಿತ್ತು, ಇಪ್ಪತ್ತೈದು ಸೆಂಟಿಮೀಟರಿನ ಚೌಕ. ಅದು ನಟ್ಟನಡುವೆ ಬರಬೇಕು, ಅದರ ಸುತ್ತ ಓರೆಯಾಗಿ ಇನ್ನೊಂದು ಚೌಕ, ಅದರ ಸುತ್ತ ನೆಟ್ಟಗೆ ಇನ್ನೊಂದು, ಮತ್ತೆ ಓರೆ, ಮತ್ತೆ ನೆಟ್ಟಗೆ, ಒಳಗಿನದರ ಮೂಲೆಗಳು ಹೊರಗಿನದರ ಬದಿಗಳನ್ನು ಸರಿಯಾಗಿ ನಡುವಿಗೆ ಮುಟ್ಟಬೇಕು ಎಂದು ಕಾಗದದಲ್ಲಿ ಬರೆದು ತಂದಿದ್ದ. ಮೇಸ್ತ್ರಿ ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಇದೇನು ಮಹಾ, ಒಂದೊಂದು ಸುತ್ತಿಗೂ ಒಂದು ಪಾಯಿಂಟ್ ನಾಲ್ಕರಿಂದ ಗುಣಿಸಿದರೆ ಮುಗಿಯಿತು ಎಂದಿದ್ದ. ಅವನ ಗುರು ಅವನಿಗೆ ಕಲಿಸಿದ್ದು ಅದು, ಓರೆ ಪಟ್ಟಿಗೆ ಒಂದು ಪಾಯಿಂಟ್ ನಾಲ್ಕು. ನಲವತ್ತು ವರ್ಷದ ಗೇಟು ಕಿಟಕಿಗಳಲ್ಲಿ ಅದು ಸುಳ್ಳಾಗಿರಲಿಲ್ಲ, ಏಕೆಂದರೆ ಒಂದು ಗೇಟಿನಲ್ಲಿ ಒಂದು ಸಲ ಮಾತ್ರ ಗುಣಿಸಬೇಕಾಗುತ್ತಿತ್ತು; ಬಾಕಿ ಕೂದಲೆಳೆಯನ್ನು ಬೆಸುಗೆ ನುಂಗಿಕೊಳ್ಳುತ್ತಿತ್ತು. ಇಲ್ಲಿ ನಾಲ್ಕು ಸಲ.

ಇವನ ಬಾಯಿ ಸುಮ್ಮನಿರಲಿಲ್ಲ. ಅದು ಬರೀ ಒಂದು ಪಾಯಿಂಟ್ ನಾಲ್ಕು ಅಲ್ಲ ಮೇಸ್ತ್ರಿ, ಎರಡರ ವರ್ಗಮೂಲ, ಅದಕ್ಕೆ ಮುಗಿಯದ ಬಾಲ ಇದೆ, ಬಾಲ ಕತ್ತರಿಸಿ ನಾಲ್ಕು ಸಲ ಗುಣಿಸಿದರೆ ಕಡಿಮೆ ಬರುತ್ತದೆ, ಕತ್ತರಿಸುವುದೇ ಬೇಡ, ಎರಡು ಸುತ್ತು ದಾಟಿದರೆ ಸರಿಯಾಗಿ ಇಮ್ಮಡಿ, ಇಪ್ಪತ್ತೈದು, ಐವತ್ತು, ನೂರು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದ. ವಕೀಲ ಇವನ ಕಡೆ ತಿರುಗಿ ಹುಬ್ಬೇರಿಸಿದ. ಆ ಹುಬ್ಬು ಏರಿದ್ದೇ ತಪ್ಪಾಯಿತು. ಮೇಸ್ತ್ರಿ ನಕ್ಕ. "ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದವನು ಸ್ವಾಮಿ ಇವನು. ಇನ್ನೂ ಒಂದು ವರ್ಷ ಓದಿದ್ದಿದ್ರೆ ನಾವೆಲ್ಲ ಇವನ ಕೈ ಕೆಳಗೆ ಇರ್ತಿದ್ವಿ." ವಕೀಲನೂ ನಕ್ಕ. ನಗದವನು ಕನ್ನಡಿಯಣ್ಣ ಒಬ್ಬನೇ. ಅವನು ಚಕ್ರ ನಿಲ್ಲಿಸಿ, ಹುಡುಗ ಹೇಳಿದ್ದನ್ನು ಒಂದು ಸಲ ಹಾಕಿ ನೋಡಬಾರದಾ ಅಂದಿದ್ದ. ನೀನು ಹಲ್ಲು ನೋಡಿಕೋ ಎಂದಿದ್ದ ಮೇಸ್ತ್ರಿ.

ನಗುವಿನಲ್ಲಿ ಎಷ್ಟು ಬಗೆಯಿದೆ ಎಂಬುದನ್ನು ಇವನು ಹದಿನಾಲ್ಕರಲ್ಲೇ ಕಲಿತಿದ್ದ. ಬೋರ್ಡಿನ ಮೇಲೆ ಗಣಿತದ ಮೇಷ್ಟ್ರು ಬರೆದಿದ್ದರು, ಒಂದು ಕಂಸದಲ್ಲಿ ಎರಡು ಕೂಡಿಸು ಮೂರರ ವರ್ಗಮೂಲ, ಇನ್ನೊಂದು ಕಂಸದಲ್ಲಿ ಎರಡು ಕಳೆ ಮೂರರ ವರ್ಗಮೂಲ, ಎರಡನ್ನೂ ಗುಣಿಸು. ಕಡೆಯ ಬೆಂಚಿನಿಂದ ಇವನನ್ನು ಎಬ್ಬಿಸಿ ಕರೆದರು. ಬೆಂಚಿನಿಂದ ಬೋರ್ಡಿಗೆ ಹೋಗುವಷ್ಟರಲ್ಲಿ ಅವನಿಗೆ ಎಲ್ಲ ಕಂಡಿತ್ತು. ನಡುವಿನ ಎರಡು ತುಂಡುಗಳು, ಒಂದು ಕೂಡಿಸು, ಒಂದು ಕಳೆ, ಒಂದನ್ನೊಂದು ತಿಂದುಹಾಕುತ್ತವೆ. ಉಳಿಯುವುದು ನಾಲ್ಕು ಕಳೆ ಮೂರು. ಅವನು ಸೀಮೆಸುಣ್ಣ ತೆಗೆದುಕೊಂಡು ಒಂದು ಎಂದು ಬರೆದ. ಅಷ್ಟೇ ಬರೆದ. ಇಷ್ಟು ಗಲೀಜಾದ ಎರಡು ಕಂಸಗಳ ಹೊಟ್ಟೆಯಿಂದ ಇಷ್ಟು ಸ್ವಚ್ಛವಾದ ಒಂದು ಹೊರಬಂದದ್ದಕ್ಕೆ ಮೈ ಜುಮ್ಮೆಂದಿತ್ತು. ಮೇಷ್ಟ್ರು ಹಂತಗಳೆಲ್ಲಿ ಅಂದರು. ಹಂತ ಇಲ್ಲ ಸಾರ್, ಕಂಡಿತು ಅಂದ. ಯಾರ ಪುಸ್ತಕದಲ್ಲಿ ಕಂಡಿತು ಅಂದರು. ಕ್ಲಾಸು ನಕ್ಕಿತು. ಕದ್ದ ಉತ್ತರ ನನ್ನ ಬೋರ್ಡಿನ ಮೇಲೆ ಇರಬಾರದು, ಒರೆಸು ಅಂದರು. ಡಸ್ಟರಿಗೆ ಕೈಚಾಚಿದ. ಅದರಲ್ಲಿ ಅಲ್ಲ, ನಿನ್ನ ಅಂಗಿಯಲ್ಲಿ. ಅವನು ಅಂಗಿಯ ಅಂಚನ್ನು ಎಳೆದು, ಹೊಟ್ಟೆ ಕಾಣುತ್ತ, ಸರಿಯಾದ ಉತ್ತರವನ್ನು ತನ್ನ ಕೈಯಾರೆ ಒರೆಸಿದ. ಒರೆಸಿ ನೇರವಾಗಿ ಬಾಗಿಲಿನಿಂದ ಹೊರಗೆ ನಡೆದ. ಮತ್ತೆ ಹೋಗಲಿಲ್ಲ. ಆ ಸಂಜೆ ಅಮ್ಮ ಅಂಗಿ ನೆನೆಸುತ್ತ, ಇದೇನೋ ಹೊಟ್ಟೆಯ ಮೇಲೆ ಹಿಟ್ಟು ಎಂದು ಕೇಳಿದ್ದಳು.

ಹಾಗಾಗಿ ಹತ್ತೊಂಬತ್ತು ದಿನದ ಹಿಂದೆ, ಅಲ್ಲ, ಇಪ್ಪತ್ತು ದಿನದ ಹಿಂದೆ, ಕನ್ನಡಿಯಣ್ಣ ಸಾಯುವ ಮುಂಚಿನ ದಿನ, ಐದೂ ಚೌಕಗಳ ಬೆಸುಗೆ ಮುಗಿದು, ಅಡಿಯ ತಗಡೂ ಕೂತು, ಮೇಸ್ತ್ರಿ ಸೊನ್ನೆಯ ತುದಿ ಹಿಡಿದು "ಎಷ್ಟು?" ಎಂದಾಗ ಇವನ ಹೊಟ್ಟೆಯ ಮೇಲೆ ಆ ಸೀಮೆಸುಣ್ಣದ ಹಿಟ್ಟಿತ್ತು. ಟೇಪು ತೊಂಬತ್ತಾರು ಎಂದು ತೋರಿಸುತ್ತಿತ್ತು. ಅವನು ಬೆಳಿಗ್ಗೆಯೇ ಗುಣಿಸಿ ನೋಡಿ, ಇಷ್ಟೇ ಬರುತ್ತದೆ ಎಂದು ತಿಳಿದುಕೊಂಡೇ ಕಾಯುತ್ತಿದ್ದ. ಇಪ್ಪತ್ತೈದು, ಮೂವತ್ತೈದು, ನಲವತ್ತೊಂಬತ್ತು, ಅರವತ್ತೆಂಟೂವರೆ ಚಿಲ್ಲರೆ, ತೊಂಬತ್ತಾರು. ಪ್ರತಿ ಸುತ್ತಿಗೂ ಒಳಗಿನ ಚೌಕದ ಮೂಲೆಗಳು ಹೊರಗಿನದರೊಳಗೆ ಹಿಡಿಸದೆ, ಕನ್ನಡಿಯಣ್ಣ ಗ್ರೈಂಡರಿನಲ್ಲಿ ಮೂಲೆ ಸವೆಸಿ ಸವೆಸಿ ಕೂರಿಸಿದ್ದ. "ನಿಮ್ಮ ಮೇಸ್ತ್ರಿ ಲೆಕ್ಕ ಹಾಕೋದು, ನಾನು ಮೂಲೆ ತಿನ್ನೋದು. ಹೀಗೇ ಆದ್ರೆ ಚೌಕ ಹೋಗಿ ಉಂಡೆ ಆಗುತ್ತೆ ನೋಡು ತಮ್ಮಾ," ಎಂದು ನಕ್ಕಿದ್ದ. ಇವನೂ ನಕ್ಕಿದ್ದ. ನಕ್ಕು ಸುಮ್ಮನಿದ್ದ. ಟೇಪಿನ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ತೊಂಬತ್ತಾರನ್ನು ನೋಡುತ್ತ, ವಕೀಲನ ಅಂಗಳದಲ್ಲಿ ಮುಚ್ಚಳ ಗಡಗಡ ಅಲ್ಲಾಡುವುದು, ವಕೀಲನ ಹುಬ್ಬು ಏರುವುದು, ಮೇಸ್ತ್ರಿಯ ಮುಖದ ಬಣ್ಣ ಇಳಿಯುವುದು, ಎಲ್ಲವನ್ನೂ ಕಂಡ. ಹಂತಗಳಿಲ್ಲದೆ ಕಂಡ. "ನೂರು," ಎಂದು ಕೂಗಿದ. "ನೂರಾ?" ಎಂದ ಮೇಸ್ತ್ರಿ, ಖುಷಿಯಿಂದ. "ನೂರೇ."

ಮೇಸ್ತ್ರಿಯ ಮುಖದ ಬಣ್ಣ ಇಳಿಯುವುದನ್ನು ನೋಡುವ ಭಾಗ್ಯವೂ ಸಿಗಲಿಲ್ಲ. ಮರುದಿನ ಇವನನ್ನು ಎಲ್ಲೋ ಒಂದು ಗೇಟಿನ ತಿರುಗಣಿ ಸರಿಮಾಡಲು ಕಳಿಸಿ, ಮೇಸ್ತ್ರಿಯೂ ಕನ್ನಡಿಯಣ್ಣನೂ ಮುಚ್ಚಳ ಹೊತ್ತು ಹೋಗಿದ್ದರು. ಮೇಸ್ತ್ರಿ ವಕೀಲನ ಗುಮಾಸ್ತನ ಜೊತೆ ಒಳಗೆ ಮಾತಾಡುತ್ತಿದ್ದಾಗ ಕನ್ನಡಿಯಣ್ಣನೂ ಗಾರೆಯವನೂ ಅದನ್ನು ಚೌಕಟ್ಟಿನ ನಡುವೆ ಇಟ್ಟರು. ಕೂತಿತು. ಸುತ್ತ ಒಂದೊಂದು ಬೆರಳು ಸಂದಿ ಬಿಟ್ಟು, ಅಂಚಿನ ಮೇಲೆ ಒಂದೊಂದು ಸೆಂಟಿಮೀಟರಿನಷ್ಟು ಮಾತ್ರ ಊರಿಕೊಂಡು, ಮರ್ಯಾದೆಯಿಂದ ಕೂತಿತು. ಕನ್ನಡಿಯಣ್ಣ ಅದರ ಮೇಲೆ ನಿಂತು ಬಗ್ಗಿ ಕೈ ಮಷೀನಿನಲ್ಲಿ ನಡುವಿನ ಹಿತ್ತಾಳೆ ಉಜ್ಜುತ್ತಿದ್ದಾಗ ಮಷೀನಿನ ಒತ್ತಿಗೆ ಮುಚ್ಚಳ ಒಂದು ಬದಿಗೆ ಸರಿಯಿತು. ಒಂದು ಬದಿಗೆ ಎರಡು ಸೆಂಟಿಮೀಟರ್ ಸರಿದರೆ ಇನ್ನೊಂದು ಬದಿಗೆ ಊರಲು ಅಂಚೇ ಇಲ್ಲ. ಇದೂ ಲೆಕ್ಕವೇ. ಇದನ್ನೂ ಅವನು ಹಾಕಬಹುದಿತ್ತು, ಟೇಪಿನ ತುದಿಯಲ್ಲಿ ಕೂತಾಗ. ಹಾಕಿರಲಿಲ್ಲ.

ವರ್ಕ್‌ಶಾಪಿನ ಶಟರು ಅರ್ಧ ಎತ್ತಿತ್ತು. ಮೇಸ್ತ್ರಿ ನೆಲದ ಮೇಲೆ ಮಂಡಿಯೂರಿ, ಮೂಗು ನೆಲಕ್ಕೆ ತಾಗುವ ಹಾಗೆ ಬಗ್ಗಿ ಸೀಮೆಸುಣ್ಣದಲ್ಲಿ ಏನೋ ಬರೆಯುತ್ತಿದ್ದ. ಅಂಕಿಗಳು ಒಂದೊಂದೂ ಅಂಗೈಯಷ್ಟು ದೊಡ್ಡದಾಗಿ ನೆಲವೆಲ್ಲ ಹಬ್ಬಿದ್ದವು. ಹೊಸ ಮುಚ್ಚಳ ಮೇಜಿನ ಮೇಲೆ ಮಲಗಿತ್ತು. ಇವನೇ ಮೂರು ದಿನ ಒಬ್ಬನೇ ಕೂತು ಮಾಡಿದ್ದು. ಯಾವ ಮೂಲೆಯನ್ನೂ ಸವೆಸಬೇಕಾಗಿರಲಿಲ್ಲ. ಕಡೆಯ ಅಳತೆಯೊಂದು ಬಾಕಿ, ಆಮೇಲೆ ವಕೀಲನ ಕಡೆಯವರು ಬಂದು ಒಯ್ಯುತ್ತಾರೆ. ಹಳೆಯದು ಮೂಲೆಯಲ್ಲಿ ತಾಡಪಾಲಿನ ಕೆಳಗೆ ಬಾಗಿ ಬಿದ್ದಿತ್ತು. ಇವನು ಬಂದದ್ದು ಹೆಜ್ಜೆಯಿಂದಲೇ ತಿಳಿದು, ಮೇಸ್ತ್ರಿ ತಲೆಯೆತ್ತದೆ, ಇಲ್ಲಿ ಬಾ, ನಿನ್ನ ಆ ಮೂಲದ ಗುಣಾಕಾರ ನನಗೆ ಹೇಳಿಕೊಡು ಅಂದ.

ಅಪಘಾತದ ಮರುದಿನ ವಕೀಲನ ಇಂಜಿನಿಯರು ಹಳೆಯ ಮುಚ್ಚಳ ಅಳೆದು ತೊಂಬತ್ತಾರು ಎಂದಾಗ, ಎಲ್ಲರೂ ಇವನತ್ತ ತಿರುಗುವ ಮೊದಲೇ, ಮೇಸ್ತ್ರಿ ಮುಂದೆ ಬಂದು ಹೇಳಿದ್ದ: ಸೊನ್ನೆಯ ತುದಿ ಹಿಡಿದದ್ದು ನಾನು, ನನ್ನ ಕಣ್ಣು ಮಂಜು, ಕೈ ಅಂಚಿನಿಂದ ನಾಲ್ಕು ಸೆಂಟಿಮೀಟರ್ ಆಚೆ ಹೋಗಿತ್ತು, ಅದಕ್ಕೇ ಹುಡುಗನಿಗೆ ಆ ಕಡೆ ನೂರು ಕಂಡಿತು. ನಲವತ್ತು ವರ್ಷ ಕಟ್ಟಿಕೊಂಡ ಮರ್ಯಾದೆಯನ್ನು ಬಿಚ್ಚಿ ಅಷ್ಟು ಜನರ ಮುಂದೆ ಇಟ್ಟಿದ್ದ. ಆ ಲೆಕ್ಕ ಎಲ್ಲೂ ತಪ್ಪದ ಹಾಗೆ ಕೂತುಕೊಂಡಿತು. ಇವನು ಬಾಯಿ ತೆರೆಯಬೇಕಾಗಿದ್ದ ಜಾಗದಲ್ಲಿ ಮೇಸ್ತ್ರಿಯ ಕೈ ಬಂದು ಕೂತುಬಿಟ್ಟಿತ್ತು. ಅಂದಿನಿಂದ ಮೇಸ್ತ್ರಿ ಬಲಗೈಯಲ್ಲಿ ಲೋಟ ಹಿಡಿದರೂ ಎಡಗೈ ಅಡಿಗೆ ಕೊಡುತ್ತಿದ್ದ. ಬೀಗ ಹಾಕುವುದಕ್ಕೂ ಇವನನ್ನೇ ಕರೆಯುತ್ತಿದ್ದ.

ಮಂಡಿಯೂರಿ ಕೂತು ಹೇಳಿಕೊಟ್ಟ. ಮೊದಲು ನಿಮ್ಮ ಒಂದು ಪಾಯಿಂಟ್ ನಾಲ್ಕನ್ನು ಅದರಿಂದಲೇ ಗುಣಿಸಿ ಅಂದ. ಮೇಸ್ತ್ರಿ ತುಟಿ ಅಲ್ಲಾಡಿಸುತ್ತ ಗುಣಿಸಿ, ಒಂದು ಪಾಯಿಂಟ್ ತೊಂಬತ್ತಾರು ಎಂದು ಬರೆದ. ನೆಲದ ಮೇಲೆ ಆ ತೊಂಬತ್ತಾರು ಅಂಗೈಯಷ್ಟು ದೊಡ್ಡದಾಗಿ ಬಂದು ಕೂತಿತು. ಬೇರೆ ತೊಂಬತ್ತಾರು ಅದು, ಪಾಯಿಂಟಿನ ಆಚೆಯದು, ಆದರೂ ಅವನು ಮಂಡಿಯನ್ನು ಅದರಿಂದ ಹಿಂದಕ್ಕೆ ಸರಿಸಿಕೊಂಡ. ಎರಡು ಬರಬೇಕಾದಲ್ಲಿ ಇದು ಬಂತು, ನೋಡಿದಿರಾ ಎಂದ, ದನಿ ತನ್ನದಲ್ಲ ಎನ್ನಿಸುತ್ತಿತ್ತು. ಬೆಲೆ ಹಾಕಿ ಹೊರಗೆ ಎಳೆದರೆ ಬಾಲ ಕತ್ತರಿಸಲೇಬೇಕು. ಮೂಲದ ಗುರುತಿನ ಒಳಗೇ ಬಿಟ್ಟು ಗುಣಿಸಿದರೆ ಬಾಲದ ಮಾತೇ ಇಲ್ಲ; ಎರಡರ ಮೂಲವನ್ನು ಎರಡರ ಮೂಲದಿಂದ ಗುಣಿಸಿದರೆ ಒಳಗೆ ನಾಲ್ಕು, ನಾಲ್ಕರ ಮೂಲ ಎರಡು.

"ಎರಡು ಬೇರೆ ಬೇರೆ ಮೂಲ ಆದ್ರೆ?"

"ಒಳಗಿರೋದನ್ನ ಒಳಗೇ ಗುಣಿಸೋದು. ಎರಡರ ಮೂಲ, ಮೂರರ ಮೂಲ, ಆರರ ಮೂಲ. ಅದು ಹೊರಗೆ ಬರಲ್ಲ. ಎರಡು, ಎಂಟು ಆದ್ರೆ ಒಳಗೆ ಹದಿನಾರು. ನಾಲ್ಕು ಅಂತ ಹೊರಗೆ ಬರುತ್ತೆ."

"ಎರಡೂ ಮುರುಕು. ಸೇರಿದ್ರೆ ಇಡೀ." ಮೇಸ್ತ್ರಿ ಸೀಮೆಸುಣ್ಣವನ್ನು ಎಡಗೈಗೆ ಬದಲಿಸಿಕೊಂಡ. "ಆವತ್ತು ನೀನು ಇದನ್ನೇ ಹೇಳಿದ್ದೆ ಕಣೋ. ಅವರ ಮುಂದೆ ನಿನ್ನ ಮರ್ಯಾದೆ ತೆಗೆದೆ," ಅಂದ.

ಇದನ್ನೇ ಅಲ್ಲವೆ ಅವನು ಬಯಸಿದ್ದು. ಇದೇ ಮಾತು, ಇದೇ ತಗ್ಗಿದ ತಲೆ. ಈಗ ಅದು ಕೇಳಿದ ಕೂಡಲೇ ಎದ್ದು ಓಡಬೇಕೆನ್ನಿಸಿತು. ಮೇಸ್ತ್ರಿ ಜೇಬಿನಿಂದ ವರ್ಕ್‌ಶಾಪಿನ ಬೀಗದ ಕೈಗೊಂಚಲು ತೆಗೆದು ನೆಲದ ಮೇಲೆ, ಹದಿನಾರು ಎಂದು ಬರೆದ ಜಾಗದಲ್ಲಿ ಇಟ್ಟ. ಈ ಮುಚ್ಚಳ ಹೋದ ಮೇಲೆ ನಾನು ಟೇಪು ಮುಟ್ಟುವುದಿಲ್ಲ, ಒಬ್ಬನನ್ನು ತಿಂದ ಕೈ ಇದು, ನಾಳೆಯಿಂದ ನೀನೇ ಮೇಸ್ತ್ರಿ ಎಂದ. ಇವನು ಗೊಂಚಲು ಮುಟ್ಟದೆ, ನೆಲ ಗುಡಿಸುವವನ ಹಾಗೆ ಬಟ್ಟೆ ತಂದು ಅಂಕಿಗಳನ್ನು ಒರೆಸತೊಡಗಿದ. ಒಂದು ಪಾಯಿಂಟ್ ತೊಂಬತ್ತಾರನ್ನು ಎಷ್ಟು ಒರೆಸಿದರೂ ಬೆಳ್ಳಗೆ ಮಚ್ಚೆ ಉಳಿಯಿತು. ಗೋಣಿಯ ಕೆಳಗೆ ಪಾಲಿಶ್ ಚಕ್ರ ಗುಂಯ್ ಅನ್ನುತ್ತಿತ್ತು. ತಂತಿ ಕಿತ್ತಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡ. ಬಾ ತಮ್ಮಾ, ಎಷ್ಟು ಹಲ್ಲಿದೆ ಎಣಿಸು.

ಶಟರಿನ ಕೆಳಗಿನಿಂದ ಬಗ್ಗಿ ಬಂದವಳು ಅತ್ತಿಗೆ, ಕನ್ನಡಿಯಣ್ಣನ ಹೆಂಡತಿ. ಅವನ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಳು. ಮೇಸ್ತ್ರಿ ಎದ್ದು ನಿಂತು, ಗೋಡೆ ಹಿಡಿದುಕೊಂಡು, ಕೂತುಕೊಳ್ಳಮ್ಮ ಎಂದು ಎರಡು ಸಲ ಹೇಳಿ, ಕುರ್ಚಿ ಕೊಡುವುದನ್ನು ಮರೆತ. ಇವನು ಕುರ್ಚಿ ತಂದಿಟ್ಟ. ಗೂಡಿನಿಂದ ಕನ್ನಡಿಯಣ್ಣನ ಕನ್ನಡಕ, ಎರಡು ಕೈಗವಸು, ಊಟದ ಡಬ್ಬಿ, ಹಣಿಗೆ ತೆಗೆದು ಅವಳ ಚೀಲಕ್ಕೆ ಹಾಕಿದ. ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂತಿತ್ತು. ಬೆರಳು ಸುತ್ತ ಸವರಿ ಸಂದಿ ಹುಡುಕಿತು, ಸಿಗಲಿಲ್ಲ. ಅತ್ತಿಗೆ ಅಳಲಿಲ್ಲ. ಗಾರೆಯವನು ಮನೆಗೆ ಬಂದಿದ್ದ, ಎಲ್ಲ ಹೇಳಿದ ಎಂದಳು. ಇವನ ಕೈ ಗೂಡಿನಲ್ಲೇ ನಿಂತಿತು.

"ಅವರು ಯಾವ ಕಬ್ಬಿಣದ ಮೇಲೂ ಒಂದೇ ಸಲಕ್ಕೆ ಹತ್ತಿ ನಿಲ್ತಿರ್ಲಿಲ್ಲ. ಮನೇಲಿ ಸ್ಟೂಲ್ ಹತ್ತಬೇಕಾದ್ರೂ ಒದ್ದು ನೋಡೋರು. ಆವತ್ತು ಯಾಕೆ ನೋಡ್ಲಿಲ್ಲ ಅಂತ ಇಷ್ಟು ದಿನ ತಲೆ ಕೆಡಿಸ್ಕೊಂಡಿದ್ದೆ." ಅವಳು ಚೀಲದ ಬಾಯನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು. "ಗಾರೆಯವನು ಹೇಳಿದ್ನಂತೆ, ಸುತ್ತ ಸಂದಿ ಜಾಸ್ತಿ ಕಾಣ್ತಿದೆ ಅಂತ. ಅದಕ್ಕೆ ಇವರು, ಮುಚ್ಚಳ ಸರಿಯಾಗಿದೆ, ನಿನ್ನ ಚೌಕಟ್ಟೇ ದೊಡ್ಡದು, ನಮ್ಮ ತಮ್ಮ ಕೂಗಿದ ಅಳತೆ ಒಂದು ಕೂದಲೂ ಆಚೀಚೆ ಆಗಲ್ಲ ಅಂದ್ರಂತೆ. ಹಾಗಂದು ಹತ್ತಿ ನಿಂತ್ರಂತೆ." ಅವಳು ಇವನತ್ತ ನೋಡಿದಳು, ಮುಖದಲ್ಲಿ ಏನೋ ಕೊಡುತ್ತಿರುವವಳ ಭಾವ. "ನಿನಗೆ ಗೊತ್ತಿರ್ಲಿ ಅಂತ ಹೇಳಿದೆ ಕಣಪ್ಪ. ನಿನ್ನ ಮೇಲೆ ಅಷ್ಟು ನಂಬಿಕೆ ಅವರಿಗೆ."

"ತಪ್ಪು ಅವನದಲ್ಲಮ್ಮ," ಎಂದ ಮೇಸ್ತ್ರಿ ಗೋಡೆಯ ಹತ್ತಿರದಿಂದ. "ನನ್ನ ಕೈಯದು."

ಅತ್ತಿಗೆ ಚೀಲವನ್ನು ಸರ್ರನೆ ಮಡಿಲಿಗೆ ಎಳೆದುಕೊಂಡಳು. ಆ ಸದ್ದಿನಲ್ಲೇ ಎಲ್ಲ ಇತ್ತು. ಮೇಸ್ತ್ರಿ ಅದನ್ನು ಸರಿಯಾಗಿಯೇ ಕೇಳಿಸಿಕೊಂಡು, ಮೇಜಿನ ಅಂಚನ್ನು ತಡವಿಕೊಂಡು ಹೊಸ ಮುಚ್ಚಳದ ಕಡೆ ಹೋದ. ವಕೀಲನ ಕಡೆಯವರು ಬರುವ ಹೊತ್ತಾಯಿತು, ಕಡೆಯ ಅಳತೆ ಹಿಡಿದುಬಿಡೋಣ ಬಾ ಅಂದ. ಅವಳ ಮುಂದೆ ಬೇಡ ಎಂದು ಇವನ ಬಾಯಿಗೆ ಬಂದದ್ದು ಬಾಯಿಯಲ್ಲೇ ಉಳಿಯಿತು. ಅವಳೇ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡಿದ್ದಳು, ಗಂಡ ದಿನಾ ನೋಡುತ್ತಿದ್ದುದನ್ನು ಒಂದು ಸಲ ತಾನೂ ನೋಡುತ್ತೇನೆ ಎಂಬಂತೆ. ಮೇಸ್ತ್ರಿ ಟೇಪಿನ ಕೊಕ್ಕೆಯನ್ನು ಅಂಚಿಗೆ ಸಿಕ್ಕಿಸಿದ, ಹೆಬ್ಬೆರಳಿನಿಂದ ಮೂರು ಸಲ ಸವರಿ ನೋಡಿದ. ಸಾಲಲಿಲ್ಲ ಅವನಿಗೆ. ಗೋಡೆಯಿಂದ ಒಂದು ಕ್ಲ್ಯಾಂಪು ತೆಗೆದು ಕೊಕ್ಕೆಯ ಮೇಲಿಟ್ಟು, ಎರಡೂ ಕೈಯಿಂದ ತಿರುಪಿ ಬಿಗಿದ. ಇನ್ನು ಜಾರುವುದಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಇವನು ಟೇಪಿನ ಡಬ್ಬಿ ಹಿಡಿದು ಹಿಂದೆ ಹಿಂದೆ ಸರಿಯುತ್ತ ಆಚೆಯ ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕೂತ. ಮೂಲೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು, ನಡುವೆ ಹಿತ್ತಾಳೆ ಮಂಕಾಗಿತ್ತು, ಉಜ್ಜುವವರಿಲ್ಲದೆ. ಅಂಚು ಬಂದು ನಿಂತ ಗೆರೆಯ ಪಕ್ಕದಲ್ಲಿ ನೂರು ಎಂದು ಕೆಂಪಗೆ ಬರೆದಿತ್ತು. ಒಂದು ಕೂದಲೂ ಆಚೀಚೆ ಇರಲಿಲ್ಲ. ಇಷ್ಟು ಸರಿಯಾದ ಉತ್ತರ ಅವನ ಕಣ್ಣ ಮುಂದೆ ಹಿಂದೆ ಒಂದು ಸಲ ಬಂದಿತ್ತು. ಅದನ್ನು ಒರೆಸು ಎಂದವರು ಬೇರೆಯವರು. ಆಮೇಲಿನ ತೊಂಬತ್ತಾರನ್ನು ಒರೆಸು ಎಂದವರು ಯಾರೂ ಇರಲಿಲ್ಲ.

"ಎಷ್ಟು?" ಎಂದ ಮೇಸ್ತ್ರಿ.

"ತೊಂಬತ್ತಾರು."

ಮೇಸ್ತ್ರಿಯ ಕೈ ಕೂಡಲೇ ಕ್ಲ್ಯಾಂಪಿಗೆ ಹೋಯಿತು. ತಿರುಪನ್ನು ಮುಟ್ಟಿ ನೋಡಿದ. ಬಿಗಿಯಾಗಿತ್ತು. ಕೊಕ್ಕೆಯನ್ನು, ಅಂಚನ್ನು, ಮತ್ತೆ ಕೊಕ್ಕೆಯನ್ನು ಸವರಿದ. "ಸರಿಯಾಗಿ ನೋಡು," ಎಂದ, ಬೇಡಿಕೊಳ್ಳುವವನ ಹಾಗೆ.

"ತೊಂಬತ್ತಾರು ಮೇಸ್ತ್ರಿ."

ಮೇಸ್ತ್ರಿ ಟೇಪನ್ನು ಬೆರಳಿನಿಂದ ಸವರಿಕೊಂಡೇ ಮೇಜಿನ ಉದ್ದಕ್ಕೆ ಬಂದ. ಇವನ ಪಕ್ಕದಲ್ಲಿ ನಿಂತು ಬಗ್ಗಿದ, ಇನ್ನೂ ಬಗ್ಗಿದ, ಮೂಗು ಟೇಪಿಗೆ ತಾಗಿತು. ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ಆರೇಳು ವರ್ಷದ ಮೇಲೆ ಮೊದಲ ಸಲ ಅಂಕಿಯನ್ನು ತಾನೇ ಓದಿದ. ಬಹಳ ಹೊತ್ತಾಯಿತು. "ಇಲ್ಲಿ ನೂರಿದೆ," ಅಂದ.

"ಇವತ್ತು ನೂರು. ಆವತ್ತು ಇದ್ದದ್ದು ತೊಂಬತ್ತಾರು. ನನ್ನ ಕಣ್ಣಿಗೆ ಚೆನ್ನಾಗಿ ಕಂಡಿತ್ತು. ನಿಮ್ಮ ಕೈ ಎಲ್ಲೂ ಜಾರಿರ್ಲಿಲ್ಲ."

ಹೊಡೆಯುತ್ತಾನೆ ಎಂದುಕೊಂಡ. ಹೊಡೆದರೆ ಸಾಕು ಎಂದು ಕೆನ್ನೆ ಕಾಯುತ್ತಿತ್ತು. ಮೇಸ್ತ್ರಿ ನಿಧಾನವಾಗಿ ನೆಟ್ಟಗಾದ. ಬಲಗೈಯನ್ನು ಎತ್ತಿ ಮುಖದ ಹತ್ತಿರ ತಂದು, ಅಂಗೈ ನೋಡಿದ, ತಿರುಗಿಸಿ ಬೆನ್ನು ನೋಡಿದ, ಒಂದೊಂದೇ ಬೆರಳು ಮಡಿಸಿ ಬಿಚ್ಚಿದ. ಇವನು ಅಲ್ಲಿದ್ದಾನೆ ಎಂಬುದೇ ಅವನಿಗೆ ಮರೆತಂತಿತ್ತು. ಕುರ್ಚಿಯಲ್ಲಿದ್ದ ಅತ್ತಿಗೆ ಒಬ್ಬರ ಮುಖವಾದ ಮೇಲೆ ಒಬ್ಬರದನ್ನು ನೋಡಿ, ಅಳತೆ ಸರಿ ಬರಲಿಲ್ಲವಾ ಎಂದು ಕೇಳಿದಳು. ಮೇಸ್ತ್ರಿ ತಿರುಗಲಿಲ್ಲ, ಉತ್ತರ ಕೊಡಲಿಲ್ಲ. ಕೇಳುವುದಷ್ಟೇ ಅವನ ಕೆಲಸ, ಕೂಗುವವನು ಬೇರೆ.

ಇವನು ಹಿಡಿದಿದ್ದ ಟೇಪಿನ ಡಬ್ಬಿಯನ್ನು ಬಿಟ್ಟ. ಅದು ಮುಚ್ಚಳದ ಮೇಲೆ ಕರಕರನೆ ಓಡಿ, ಚೌಕಗಳನ್ನೆಲ್ಲ ದಾಟಿ, ಸೊನ್ನೆಯ ತುದಿಗೆ ಹೋಗಿ ಕ್ಲ್ಯಾಂಪಿಗೆ ಬಡಿದು ನಿಂತಿತು. ಆಮೇಲೆ ವರ್ಕ್‌ಶಾಪಿನಲ್ಲಿ ಯಾವ ಸದ್ದೂ ಇರಲಿಲ್ಲ. ಗೋಣಿಯ ಕೆಳಗಿನದೂ ಸುಮ್ಮನಾಗಿ ಕಿವಿಗೊಟ್ಟಿತ್ತು. ಅವನು ಬರಿಗೈಯಲ್ಲಿ ಕುರ್ಚಿಯ ಮುಂದೆ ಹೋಗಿ ನಿಂತ.

"ಅಣ್ಣ ನಂಬಿ ಹತ್ತಿದ್ರಲ್ಲ ಅತ್ತಿಗೆ, ಆ ಅಳತೆ," ಎಂದು ಶುರುಮಾಡಿದ.